ಆರನೇ ಬೆರಳಿನ ಸಾಕ್ಷಿ

ಮೂರನೇ ಲೋಟ ಹಾಲು ಗಂಟಲಿಳಿದದ್ದೇ ವೆಂಡೆಲ್‌ನ ಹೊಟ್ಟೆಯೊಳಗಿಂದ ಒಂದು ಗುಡುಗು ಹೊರಟಿತು. ತೀಸಾ ನದಿಯ ಆಚೆ ದಡದ ಹಸುಗಳು ಮೇಯುವುದನ್ನು ಬಿಟ್ಟು ಕತ್ತೆತ್ತಿರಬೇಕು, ಅಂಥ ಗುಡುಗು. ಓರ್ಜೆ ಅಜ್ಜಿ ಮಾತ್ರ ಚರ್ಚಿನ ಗಂಟೆ ಕೇಳಿದವಳ ಹಾಗೆ ಕಣ್ಣು ಮುಚ್ಚಿ, ಅದು ಪೂರ್ತಿ ಮುಗಿಯುವವರೆಗೆ ಕಾದಳು. ಆಮೇಲೆ ನಾಲ್ಕನೇ ಲೋಟಕ್ಕೆ ಹೂಜಿ ಎತ್ತಿದಳು.

ತಾಲ್ತೋಶ್, ಅಂದರೆ ಹೆಚ್ಚಿಗೆ ಮೂಳೆಯೊಂದಿಗೆ ಹುಟ್ಟಿ ಆಕಾಶದವರ ಜೊತೆ ಮಾತಾಡುವ ಮಂತ್ರವಾದಿ, ಮನೆಗೆ ಬಂದರೆ ಹಾಲು ಕೊಡಬೇಕು. ಕೊಡದಿದ್ದರೆ ಆಲಿಕಲ್ಲು ಬಿದ್ದು ಆ ವರ್ಷದ ದ್ರಾಕ್ಷಿ ಮಣ್ಣುಪಾಲು. ನಮ್ಮ ಶಾರ್ಫೊಕ್ ಊರಿನಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ವೆಂಡೆಲ್ ಎಂಬ ಈ ತಾಲ್ತೋಶ್‌ಗೆ ಹಾಲು ಒಗ್ಗುವುದಿಲ್ಲ ಎನ್ನುವುದು ಮಾತ್ರ ನಾವು ನಾಲ್ವರಿಗಷ್ಟೇ ಗೊತ್ತಿದ್ದ ಗುಟ್ಟು. ಮೂರು ವರ್ಷದಿಂದ ಅವನು ಊರೂರು ತಿರುಗಿ ಕುಡಿದ ಹಾಲಿನಲ್ಲಿ ಒಂದು ಕೆರೆ ತುಂಬಿಸಬಹುದಿತ್ತು.

ನಾಲ್ವರು ಎಂದರೆ ನಮ್ಮ ಮೇಳ. ವೆಂಡೆಲ್ ಹಗಲು ಹೊತ್ತು ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಕುದುರೆ ಚರ್ಮದ ತಮಟೆ ಹಿಡಿದು ಗಂಟಲಿನ ಆಳದಿಂದ ಒಂದೇ ಸಲಕ್ಕೆ ಎರಡು ಸ್ವರ ಎಳೆದನೆಂದರೆ ಸ್ವರ್ಗದ ಬಾಗಿಲಿನ ಕೀಲು ಸಡಿಲವಾಗುತ್ತದೆ. ಅಂಬ್ರುಶ್ ಊರಿನ ಪೋಸ್ಟ್‌ಮ್ಯಾನ್. ಆಡಿನ ತೊಗಲಿನ ಚೀಲವಾದ್ಯ ಊದುತ್ತಾನೆ, ಊದಿ ಊದಿ ಅವನೂ ಚೀಲವೂ ಒಂದೇ ಗಾತ್ರವಾಗಿದ್ದಾರೆ. ಶಾರೋಲ್ತ್ ಗಿಡ್ಡ ಕತ್ತಿನ ತಂತಿವಾದ್ಯ ಮೀಟುವವಳು. ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ, ನಾನು ಬಾಯಿ ತೆರೆದಾಗಲೆಲ್ಲ ನಾನು ಹೇಳಿದ್ದನ್ನು ಹತ್ತರಿಂದ ಭಾಗಿಸುವುದು ಅವಳ ಅಭ್ಯಾಸ. ನಾಲ್ಕನೆಯವನು ನಾನು, ಜಿಗಾ, ಊರಿನ ಕ್ಷೌರಿಕ. ಮೋರ್ಸಿಂಗ್ ನುಡಿಸುತ್ತೇನೆ. ಇಡೀ ಬಯಲುಸೀಮೆಯಲ್ಲಿ ನನ್ನಷ್ಟು ಚೆನ್ನಾಗಿ ನುಡಿಸುವವರು ಯಾರೂ ಇಲ್ಲ, ಇದ್ದರೂ ಅವರಿಗೆ ಹಲ್ಲಿಲ್ಲ.

ನಮ್ಮ ಮೇಳಕ್ಕೆ ಮೈಕಿಲ್ಲ, ವೈರಿಲ್ಲ, ಕರೆಂಟಿಲ್ಲ. ತೊಗಲು, ಮರ, ಕುದುರೆ ಕೂದಲು, ಉಸಿರು ಇಷ್ಟೇ. ಆದರೂ ನಾವು ಒಂದೂವರೆ ಗಂಟೆ ಬಿಡದೆ ಬಾರಿಸಿದರೆ ಕೇಳುವವರ ಕಣ್ಣ ಮುಂದೆ ಬಣ್ಣಗಳು ಸುತ್ತುತ್ತವೆ. ಬೂದಾಪೆಸ್ಟಿನಿಂದ ಬಂದಿದ್ದ ಒಬ್ಬ ಇಂಜಿನಿಯರ್ ನಮ್ಮ ಆಟದ ಮಧ್ಯೆ ಪೋಪ್ಲರ್ ಮರ ಹತ್ತಿ ಕೂತವನು ಮೂರು ದಿನ ಕೆಳಗಿಳಿಯಲಿಲ್ಲ. ಶಾರೋಲ್ತ್ ಪ್ರಕಾರ ಇಪ್ಪತ್ತು ನಿಮಿಷ. ಇರಲಿ, ಹತ್ತಿದ್ದಂತೂ ನಿಜ.

ಇಷ್ಟಿದ್ದೂ ಮೂರು ವರ್ಷದ ಹಿಂದೆ ನಮ್ಮನ್ನು ಹಂದಿ ಕೊಯ್ಯುವ ಹಬ್ಬಕ್ಕೆ ಬಿಟ್ಟರೆ ಯಾರೂ ಕರೆಯುತ್ತಿರಲಿಲ್ಲ. ಆಗ ರೇಡಿಯೋದ ಒಬ್ಬ ಹೆಂಗಸು ಬಂದಳು. ಈ ನಾದ ಎಲ್ಲಿಂದ ಹುಟ್ಟುತ್ತದೆ ಎಂದು ವೆಂಡೆಲ್‌ನನ್ನು ಕೇಳಿದಳು. ಅವನು ಯೋಚನೆ ಮಾಡಿ, ಕುದುರೆ ಚರ್ಮದಿಂದ, ಎಂದ. ಅವಳು ರೆಕಾರ್ಡರಿನ ಪೆಟ್ಟಿಗೆ ಮುಚ್ಚುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ವೆಂಡೆಲ್‌ನ ಎಡಗೈ ಹಿಡಿದೆತ್ತಿ, ಕಿರುಬೆರಳಿನ ಪಕ್ಕದ ಗಾಯದ ಕಲೆ ತೋರಿಸಿ, ಇವನು ಆರು ಬೆರಳಿಟ್ಟುಕೊಂಡು ಹುಟ್ಟಿದವನು, ಹೆಚ್ಚಿಗೆ ಮೂಳೆಯ ಸಮೇತ ಹುಟ್ಟಿದವನು ಏನಾಗುತ್ತಾನೆ ಅಂತ ನಿಮಗೆ ಗೊತ್ತಲ್ಲ, ಎಂದುಬಿಟ್ಟೆ. ಅವಳು ಪೆಟ್ಟಿಗೆಯನ್ನು ಮತ್ತೆ ತೆರೆದಳು.

ಅಷ್ಟೇ, ಒಂದು ವಾಕ್ಯ. ಅದರ ಮೇಲೆ ನಾವು ಮೂರು ವರ್ಷ ಸವಾರಿ ಮಾಡಿದೆವು. ಮೇಳದ ಹೆಸರೇ 'ಆರನೇ ಬೆರಳು' ಆಯಿತು. ಬಯಲಿನ ದೊಡ್ಡ ಉತ್ಸವಗಳಿಂದ ಕರೆ ಬಂತು. ಪೋಲೆಂಡಿಗೆ ಹೋದೆವು, ಫಿನ್‌ಲೆಂಡಿಗೆ ಹೋದೆವು, ಅಲ್ಲಿಯ ಹಿಮಸಾರಂಗಗಳು ನನ್ನ ಮೋರ್ಸಿಂಗಿಗೆ ಸಾಲಾಗಿ ನಿಂತವು. ವೆಂಡೆಲ್ ಮಾತ್ರ ವೇದಿಕೆ ಹತ್ತುವ ಮುಂಚೆ ಪ್ರತಿ ಸಲವೂ ಎಡಗೈಯನ್ನು ಜೇಬಿನೊಳಗೆ ತುರುಕಿಕೊಂಡು ನಿಲ್ಲುತ್ತಿದ್ದ.

ಮರುವರ್ಷ ಟೀವಿಯವರು ಬಂದರು. ಅವರಿಗೆ ಬಾಯಿಮಾತು ಸಾಲದು, ಸಾಕ್ಷಿ ಬೇಕು. ವೆಂಡೆಲ್‌ನ ಹೆರಿಗೆ ಮಾಡಿಸಿದ ಸೂಲಗಿತ್ತಿ ಬದುಕಿದ್ದಾಳಂತೆ ಎಂದು ಯಾರೋ ಹೇಳಿ, ಕ್ಯಾಮೆರಾ ಹೊತ್ತು ನೇರ ಓರ್ಜೆ ಅಜ್ಜಿಯ ಮನೆಗೆ ನುಗ್ಗಿದರು. ಆ ಮಧ್ಯಾಹ್ನ ನಾನು ಒಬ್ಬರ ಒಂದೇ ಬದಿಯ ಮೀಸೆ ಬೋಳಿಸಿ ಕಳಿಸಿದೆ, ಕಣ್ಣು ಅಜ್ಜಿಯ ಮನೆಯ ಕಡೆಗೇ ಇತ್ತು. ಐವತ್ತೆರಡು ವರ್ಷ ಈ ಊರಿನ ಹೆರಿಗೆಗಳನ್ನು ಮಾಡಿಸಿದವಳು. ಯಾವ ಕೂಸಿಗೆ ಎಲ್ಲಿ ಮಚ್ಚೆ ಎನ್ನುವುದನ್ನು ನಿದ್ದೆಯಲ್ಲೂ ಹೇಳುವವಳು. ಅಜ್ಜಿ ಕ್ಯಾಮೆರಾದ ಮುಂದೆ ತಲೆಬಟ್ಟೆ ಸರಿಮಾಡಿಕೊಂಡು ಹೇಳಿದಳು: "ಇತ್ತು. ಗಸಗಸೆ ಕಾಳಿನಷ್ಟು ಉಗುರೂ ಇತ್ತು. ಕುದುರೆ ಕೂದಲು ಬಿಗಿದು ಕಟ್ಟಿದೆ. ಒಂಬತ್ತನೇ ದಿನ ತಾನಾಗೇ ಬಿತ್ತು."

ನಾನು ಹುಟ್ಟಿಸಿದ ಬೆರಳಿಗೆ ಆಕೆ ಉಗುರು ಬೆಳೆಸಿದ್ದಳು. ಬುರುಡೆ ಬಿಡುವ ನನ್ನ ವೃತ್ತಿಯಲ್ಲಿ ನನ್ನನ್ನು ಮೀರಿಸಿದವರನ್ನು ನಾನು ನೋಡಿದ್ದು ಅದೇ ಮೊದಲು. ಕುಣಿದಾಡಿದೆ. ವೆಂಡೆಲ್ ಕುಣಿಯಲಿಲ್ಲ. ಅಂದಿನಿಂದ ಜನ ಅವನ ಟ್ರ್ಯಾಕ್ಟರ್ ಕೊಟ್ಟಿಗೆಗೆ ನರುಲಿ, ಹಾಲು ಬತ್ತಿದ ಹಸು, ಕಳೆದುಹೋದ ಉಂಗುರದ ದೂರು ಎಲ್ಲವನ್ನೂ ತರತೊಡಗಿದರು. ಅವನು ಎಲ್ಲರಿಗೂ ತಲೆ ತಗ್ಗಿಸಿ ಒಂದೆರಡು ಏಟು ಬಾರಿಸಿ, ಅವರು ಕೊಟ್ಟ ಹಾಲು ಕುಡಿದು, ಬೇಲಿಯ ಹಿಂದೆ ಹೋಗುತ್ತಿದ್ದ.

ನರುಲಿಯಿಂದ ಯಾರೂ ಸಾಯುವುದಿಲ್ಲ. ಆದರೆ ಈ ನವೆಂಬರಿನಲ್ಲಿ ಓರ್ಜೆ ಅಜ್ಜಿ ಎರಡು ಸಲ ಬಿದ್ದಳು. ಮೊದಲು ಕೋಳಿಗೂಡಿನಲ್ಲಿ, ಆಮೇಲೆ ಚರ್ಚಿನಲ್ಲಿ. ಎಂಬತ್ತಾರು ವರ್ಷ. ಮೊಮ್ಮಗಳು ಗಿಟ್ಟಾ ನಗರದ ಆಸ್ಪತ್ರೆಗೆ ಕರೆದೊಯ್ದಳು. ಹೃದಯದ ಮೇಲಿನ ಕೋಣೆ ಹೇಳಿದ್ದು ಕೆಳಗಿನ ಕೋಣೆಗೆ ತಲುಪುತ್ತಿಲ್ಲ, ಅದಕ್ಕೆ ನಾಡಿ ನಿಂತು ನಿಂತು ಹೊಡೆಯುತ್ತಿದೆ, ಕೊರಳೆಲುಬಿನ ಕೆಳಗೆ ಒಂದು ಬ್ಯಾಟರಿ ಕೂರಿಸಬೇಕು, ಇನ್ನೊಂದು ಸಲ ಬಿದ್ದರೆ ಏಳುತ್ತಾರೆ ಅಂತ ನಾನು ಹೇಳಲಾರೆ, ಎಂದು ಡಾಕ್ಟರ್ ಹೇಳಿದ್ದರು. ಗುರುವಾರ ಬೆಳಿಗ್ಗೆ ಎಂಟಕ್ಕೆ ದಿನ ಗೊತ್ತಾಗಿತ್ತು. ಬುಧವಾರ ಬೆಳಿಗ್ಗೆ ಅಜ್ಜಿ, ಕಟ್ಟಿಟ್ಟಿದ್ದ ಚೀಲದಿಂದ ರಾತ್ರಿಯಂಗಿ ತೆಗೆದು ವಾಪಸ್ಸು ಬೀರುವಿನಲ್ಲಿ ತೂಗುಹಾಕಿದಳು. ಊರಿನಲ್ಲೇ ತಾಲ್ತೋಶ್ ಇರುವಾಗ ನಾನ್ಯಾಕೆ ಆಸ್ಪತ್ರೆಯಲ್ಲಿ ಸಾಯಲಿ, ಕರೆಸು ಅವನನ್ನ, ತಮಟೆ ತರಲಿ, ಎಂದಳು.

ಹಾಗಾಗಿ ಬುಧವಾರ ಮಧ್ಯಾಹ್ನ ನಾವು ನಾಲ್ವರೂ ವಾದ್ಯಗಳ ಸಮೇತ ಅವಳ ಅಡುಗೆಮನೆಯಲ್ಲಿ ಕೂತಿದ್ದೆವು. ಸೂರಿನಿಂದ ಒಣಮೆಣಸಿನಕಾಯಿ ಸರಗಳು ತೂಗುತ್ತಿದ್ದವು. ಅಜ್ಜಿ ಬಾಗಿಲಿನಿಂದ ಒಲೆಯವರೆಗೆ ನಡೆಯುವಷ್ಟರಲ್ಲಿ ಎರಡು ಕಡೆ ಗೋಡೆ ಹಿಡಿದು ನಿಂತದ್ದನ್ನು ನಾಲ್ವರೂ ನೋಡಿದೆವು, ನಾಲ್ವರೂ ನೋಡದವರಂತೆ ಮೇಜಿನ ಮೇಲಿದ್ದ ಗಸಗಸೆ ರೊಟ್ಟಿ ಮುರಿದೆವು.

ಗಿಟ್ಟಾ ನಮ್ಮನ್ನು ಹಿತ್ತಿಲಿಗೆ ಕರೆದಳು. ಅವಳ ಕಣ್ಣು ಊದಿಕೊಂಡಿತ್ತು.

"ವೆಂಡೆಲಣ್ಣ, ನಿಮ್ಮ ಬೆರಳಿನ ವಿಚಾರ ನನಗೆ ಬೇಡ. ಇತ್ತೋ ಇಲ್ವೋ, ನಿಮಗೂ ದೇವರಿಗೂ ಬಿಟ್ಟಿದ್ದು. ಈ ಪ್ರಪಂಚದಲ್ಲಿ ಅವಳು ಕೇಳೋದು ನಿಮ್ಮ ಮಾತು ಒಂದೇ. ನಾಳೆ ಎಂಟು ಗಂಟೆಗೆ ಹಾಸಿಗೆ ಕಾದಿರುತ್ತೆ. ನಾವು ಹೋಗಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತಾರೆ. ಆಮೇಲೆ ಸಿಗೋ ದಿನ ಜನವರಿಯಲ್ಲೇ."

ಅವಳು ಒಳಗೆ ಹೋದ ಮೇಲೆ ನಾವು ಕೋಳಿಗಳ ಮಧ್ಯೆ ನಿಂತೆವು. ನನಗೆ ಇದರಲ್ಲಿ ಕಷ್ಟವೇ ಕಾಣಲಿಲ್ಲ. ಹತ್ತು ನಿಮಿಷ ಬಾರಿಸು, ಕಣ್ಣು ಮೇಲೆ ಮಾಡು, ಆಕಾಶದವರು ಆಸ್ಪತ್ರೆಗೆ ಹೋಗು ಅಂದರು ಅಂತ ಹೇಳು, ಮುಗಿಯಿತು ಎಂದೆ. ಅಂಬ್ರುಶ್ ತಲೆಯಾಡಿಸಿದ.

"ಇನ್ನೊಂದು ಸುಳ್ಳಾ?" ಎಂದ ವೆಂಡೆಲ್.

"ಇದೇ ಕೊನೇದು ಕಣೋ."

"ಮೊದಲನೇದಕ್ಕೂ ಹೀಗೇ ಹೇಳಿದ್ದೆ."

ಅವನ ಮುಖ ಸುಣ್ಣದ ಹಾಗಿತ್ತು. ಹಾಲಿನ ಕಾಟವೋ ಭಯವೋ ತಿಳಿಯಲಿಲ್ಲ. ಅವನು ನಿಧಾನವಾಗಿ ಲೆಕ್ಕ ಬಿಡಿಸಿಟ್ಟ. ಹೋಗು ಅಂತ ನಾನೇ ಹೇಳಿ, ಅಲ್ಲಿ ಆ ಆಪರೇಷನ್ ಮೇಜಿನ ಮೇಲೆ ಏನಾದರೂ ಆದರೆ, ಕಳಿಸಿದವನು ನಾನು. ಸುಮ್ಮನಿದ್ದು ಇಲ್ಲಿ ಬಿದ್ದರೆ, ಹಿಡಿದಿಟ್ಟವನೂ ನಾನು. ಎರಡು ಕಡೆಯೂ ನನ್ನದೇ ಕೈ. ಆ ಕೈಯಲ್ಲಿ ಏನೂ ಇಲ್ಲ ಅಂತ ಅವಳಿಗೆ ಗೊತ್ತಾಗಿಬಿಟ್ಟರೆ ಅವಳು ಡಾಕ್ಟರ ಮಾತು ಕೇಳುತ್ತಾಳೆ. ನಿಜ ಹೇಳಿಬಿಡುತ್ತೇನೆ, ಎಂದ.

ನಿಜ ಹೇಳುವುದು ಎಂಬ ಉಪಾಯ ನನಗೆ ಹೊಳೆದೇ ಇರಲಿಲ್ಲ. ನಮ್ಮ ಬರುವ ವರ್ಷದ ಊರುಗಳೆಲ್ಲ, ನಾರ್ವೆ, ಎಸ್ಟೋನಿಯಾ, ಒಂದೊಂದಾಗಿ ಕೋಳಿಗಳ ಮಧ್ಯೆ ಉದುರಿಬೀಳುವುದು ನನಗೆ ಕಾಣಿಸಿತು. ಬಾಯಿ ತೆರೆದೆ. ಶಾರೋಲ್ತ್ ನನ್ನ ಕಾಲು ತುಳಿದಳು.

ವೆಂಡೆಲ್ ಒಳಗೆ ಹೋಗಿ ಅಜ್ಜಿಯ ಎದುರು ಕೂತ. ಟೋಪಿ ತೆಗೆದ. ಎಡಗೈಯನ್ನು ಮೇಜಿನ ಮೇಲಿಟ್ಟ.

"ಅಜ್ಜಿ, ನನಗೆ ಆರನೇ ಬೆರಳು ಇರಲಿಲ್ಲ. ಏಳು ವರ್ಷದವನಿದ್ದಾಗ ಅಪ್ಪನ ಜೋಳ ಬಿಡಿಸೋ ಯಂತ್ರಕ್ಕೆ ಕೈ ಕೊಟ್ಟಿದ್ದೆ. ಅದರ ಗಾಯ ಇದು. ನಾನು ಯಾರೂ ಅಲ್ಲ. ಟ್ರ್ಯಾಕ್ಟರ್ ರಿಪೇರಿಯವನು."

ಒಲೆಯಲ್ಲಿ ಸೌದೆ ಚಟಪಟ ಅಂದಿತು. ಗಿಟ್ಟಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅಜ್ಜಿ ಆ ಕೈಯನ್ನು ತನ್ನ ಕಡೆ ಎಳೆದುಕೊಂಡು, ಕಲೆಯನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದಳು.

"ನೀನು ಹುಟ್ಟಿದಾಗ ಆ ಕೋಣೇಲಿ ಯಾರಿದ್ರು?"

"ಅಮ್ಮ. ನೀನು."

"ನೀನೂ ಇದ್ದೆಯಲ್ಲಪ್ಪ. ನೀನೇನಾದ್ರೂ ನೋಡಿದ್ಯಾ?"

"ಇಲ್ಲ ಅಜ್ಜಿ."

"ಹೇಗೆ ನೋಡ್ತೀಯ, ಕಣ್ಣೇ ಬಿಟ್ಟಿರಲಿಲ್ಲ. ಕಣ್ಣು ಬಿಟ್ಟುಕೊಂಡಿದ್ದೋಳು ನಾನು. ಹಾಲು ಕುಡಿ."

ಅವನು ಕುಡಿದ. ಇನ್ನೇನು ಮಾಡುತ್ತಾನೆ. ನ್ಯಾಯಾಲಯ ಅವನ ಪರವೇ ತೀರ್ಪು ಕೊಟ್ಟು ಅವನನ್ನೇ ಗಲ್ಲಿಗೇರಿಸಿದ ಹಾಗಿತ್ತು ಅವನ ಮುಖ. ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ನಿಮ್ಮ ಮೇಳಕ್ಕೆ ಕರೆಂಟೇ ಬೇಡ, ತೊಗಲು ಮತ್ತು ಉಸಿರಿನಲ್ಲೇ ಎಲ್ಲ ಆಗುತ್ತೆ ಅಂತ ಈ ಜಿಗಾ ಊರೆಲ್ಲ ಹೇಳಿಕೊಂಡು ತಿರುಗುತ್ತಾನಲ್ಲ, ನಾನೂ ತೊಗಲು ಮತ್ತು ಉಸಿರೇ ತಾನೇ, ನನಗೊಬ್ಬಳಿಗೆ ಯಾಕೆ ಬ್ಯಾಟರಿ, ಎಂದು ಕೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಮೋರ್ಸಿಂಗನ್ನು ಅಂಗಿಯ ತುದಿಯಿಂದ ಒರೆಸತೊಡಗಿದೆ.

ಆಮೇಲೆ ಅವಳು ಸೆರಗಿನಂತೆ ಶಾಲನ್ನು ಬಿಗಿದುಕೊಂಡು, ಬಾರಿಸಿ, ಕತ್ತಲಾಗುವ ಮುಂಚೆ ಕೋಳಿ ಕೂಡಬೇಕು, ಎಂದಳು.

ಮಂಜಿನ ತೇವಕ್ಕೆ ತಮಟೆಯ ಚರ್ಮ ಒದ್ದೆ ಚಿಂದಿಯ ಹಾಗೆ ಸಡಿಲವಾಗಿತ್ತು. ವೆಂಡೆಲ್ ಅದನ್ನು ಒಲೆಯ ಬಾಯಿಗೆ ಹಿಡಿದು ತಿರುಗಿಸಿ ತಿರುಗಿಸಿ ಕಾಯಿಸಿದ. ಎಂದಿಗಿಂತ ಹೆಚ್ಚು ಹೊತ್ತು ಕಾಯಿಸಿದ. ಚರ್ಮ ಬಿಗಿದು ಠಣ್ಣೆಂದ ಮೇಲೂ ಕಾಯಿಸುತ್ತಲೇ ಇದ್ದ. ಸುಟ್ಟ ವಾಸನೆ ಬಂದಾಗ ಅಂಬ್ರುಶ್ ಅವನ ತೋಳು ಹಿಡಿದು ಎಳೆದ.

ಅವನು ಅಜ್ಜಿಯ ಕುರ್ಚಿಯ ಪಕ್ಕಕ್ಕೆ ಬಂದು ನೆಲದ ಮೇಲೆ ಕೂತು, ನಮಗೆ ಮಾತ್ರ ಕೇಳುವ ಹಾಗೆ ಹೇಳಿದ: "ನನ್ನದು ಅಂತ ಏನೂ ಬಾರಿಸಲ್ಲ." ಎಡಗೈಯಿಂದ ಅಜ್ಜಿಯ ಮಣಿಕಟ್ಟು ಹಿಡಿದ. ತಮಟೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡ. ಬೆರಳ ತುದಿಯಲ್ಲಿ ಕೇಳಿಸಿಕೊಂಡ. ಆಮೇಲೆ ಬಲಗೈಯಿಂದ ಅವಳ ನಾಡಿಯನ್ನೇ ಬಾರಿಸತೊಡಗಿದ.

ನಾವು ಕುಂಟುವ ತಾಳಗಳನ್ನು ಬೇಕಾದಷ್ಟು ನುಡಿಸಿದ್ದೇವೆ. ಏಳರ ತಾಳ, ಹನ್ನೊಂದರ ತಾಳ. ನಾನೇ ಒಂದು ಸಲ ಎಪ್ಪತ್ತೊಂದರ ತಾಳ ಕಟ್ಟಿದ್ದೆ, ಯಾರೂ ಅದರ ಕೊನೆ ಮುಟ್ಟಲಿಲ್ಲ. ಆದರೆ ಎಷ್ಟು ಕುಂಟಿದರೂ ತಾಳಕ್ಕೆ ತಾನೆಲ್ಲಿ ಕಾಲಿಡುತ್ತೇನೆ ಎಂದು ಗೊತ್ತಿರುತ್ತದೆ. ಇದಕ್ಕೆ ಗೊತ್ತಿರಲಿಲ್ಲ. ಮೂರು ಏಟು ಸಮವಾಗಿ ಬರುತ್ತಿತ್ತು. ಒಂದು ತಡವಾಗುತ್ತಿತ್ತು. ಎರಡು ಒಟ್ಟಿಗೆ ಮುಗ್ಗರಿಸುತ್ತಿದ್ದವು. ಆಮೇಲೆ ಖಾಲಿ. ಶಾರೋಲ್ತ್ ಒಂದೇ ತಂತಿ ಹಿಡಿದು ಆ ಏಟುಗಳ ಹಿಂದೆಯೇ ಹೆಜ್ಜೆ ಹಾಕಿದಳು. ಅಂಬ್ರುಶ್ ಚೀಲವನ್ನು ತೋಳಿನ ಕೆಳಗೆ ಅಮುಕಿ ಒಂದು ಉದ್ದನೆಯ ಸ್ವರವನ್ನು ನೆಲದ ಹಾಗೆ ಹಾಸಿದ. ನಾನು ಮೋರ್ಸಿಂಗನ್ನು ಹಲ್ಲಿಗಿಟ್ಟೆ.

ಎಷ್ಟು ಹೊತ್ತು ನುಡಿಸಿದೆವೋ. ಮೆಣಸಿನಕಾಯಿ ಸರಗಳು ತೂಗತೊಡಗಿದವು. ಗೋಡೆಯ ಮೇಲಿನ ಚೀನಿ ತಟ್ಟೆಗಳು ಒಂದಕ್ಕೊಂದು ಮಾತಾಡಿದವು. ಅಡುಗೆಮನೆಯೇ ಒಂದು ದೊಡ್ಡ ಎದೆಗೂಡಾಗಿ, ನಾವು ಆರೂ ಜನ ಅದರೊಳಗೆ ಕೂತ ಹಾಗಾಯಿತು. ಬೇರೆ ದಿನವಾದರೆ ನನಗೆ ಇಂಥ ಹೊತ್ತಿನಲ್ಲಿ ರೆಕ್ಕೆಯ ಕುದುರೆ ಕಾಣುತ್ತದೆ, ನಿಜವಾಗಲೂ ಕಾಣುತ್ತದೆ. ಅವತ್ತು ಕಂಡದ್ದು ವೆಂಡೆಲ್‌ನ ಬಲಗೈ ಒಂದೇ. ಅದು ಮೇಲೆದ್ದಾಗ ನನ್ನ ಉಸಿರು ನಿಲ್ಲುತ್ತಿತ್ತು, ಇಳಿದಾಗ ಬರುತ್ತಿತ್ತು.

ಒಂದು ಸಲ ಎತ್ತಿದ ಕೈ ಇಳಿಯಲಿಲ್ಲ.

ಅವನು ಮಣಿಕಟ್ಟಿನ ಮೇಲೆ ಬೆರಳು ಒತ್ತಿ ಹಿಡಿದು, ಬಾಯಿ ತೆರೆದು ಕೂತಿದ್ದ. ಅಂಬ್ರುಶ್‌ನ ಸ್ವರ ಒಂಟಿಯಾಗಿ ಎಳೆಯುತ್ತಿತ್ತು. ಅಜ್ಜಿಯ ತಲೆ ಸ್ವಲ್ಪ ಪಕ್ಕಕ್ಕೆ ವಾಲಿತು. ನಾನು ಎಣಿಸಿದೆ. ನೂರರವರೆಗೆ ಎಣಿಸಿದೆ ಎನ್ನಬೇಕು ಅನಿಸುತ್ತದೆ. ನಾಲ್ಕು. ಶಾರೋಲ್ತ್ ಕಡೆ ನೋಡಿದೆ. ಅವಳೂ ತುಟಿಯಲ್ಲೇ ಎಣಿಸುತ್ತಿದ್ದಳು, ಅವಳಿಗೆ ಐದು ಬಂದಿತ್ತು.

ಕೈ ಇಳಿಯಿತು. ತಮಟೆ ಮಾತಾಡಿತು. ಅಜ್ಜಿ ಕಣ್ಣು ತೆರೆದಳು.

ವೆಂಡೆಲ್ ಅಲ್ಲಿಗೇ ನಿಲ್ಲಿಸಿಬಿಟ್ಟ. ಮಣಿಕಟ್ಟನ್ನು ಮಾತ್ರ ಬಿಡಲಿಲ್ಲ. ಅವನ ಕೊರಳಿನಲ್ಲಿ ಬೆವರು ಇಳಿಯುತ್ತಿತ್ತು.

"ಏನಂದ್ರು ಮೇಲಿನವರು?" ಎಂದು ಕೇಳಿದಳು ಅಜ್ಜಿ.

ನಾನು ಅವನ ಬೆನ್ನಿಗೆ ಮೆಲ್ಲಗೆ ತಿವಿದೆ. ಹೋಗು ಅಂದರು ಅನ್ನು. ಎರಡೇ ಪದ. ಗಿಟ್ಟಾ ಬಾಗಿಲಲ್ಲಿ ನಿಂತು ಅದನ್ನೇ ಬೇಡುತ್ತಿದ್ದಳು, ಅವಳ ಇಡೀ ಮುಖ ಬೇಡುತ್ತಿತ್ತು.

"ಮೇಲೆ ಯಾರೂ ಏನೂ ಅನ್ನಲಿಲ್ಲ ಅಜ್ಜಿ," ಎಂದ ವೆಂಡೆಲ್. "ನಿನ್ನ ನಾಡಿ ನಿಂತುಹೋಗಿತ್ತು. ನಾನು ಕಾಯ್ತಾ ಇದ್ದೆ, ಅದು ಬರಲೇ ಇಲ್ಲ. ನನಗೆ ಹೆದರಿಕೆ ಆಗ್ತಿದೆ."

ಅಜ್ಜಿ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಏನೋ ಬದಲಾಯಿತು. ಇಷ್ಟು ಹೊತ್ತು ರೋಗಿಯಾಗಿ ಕೂತಿದ್ದವಳು ಯಾರೋ ಬಾಗಿಲು ಬಡಿದದ್ದು ಕೇಳಿ ಎದ್ದವಳ ಹಾಗಾದಳು. ಇನ್ನೊಂದು ಕೈಯನ್ನು ಅವನ ಕೈಯ ಮೇಲಿಟ್ಟಳು.

"ನಿನ್ನ ಹೆರುವಾಗ ನಿಮ್ಮಮ್ಮನೂ ಹೀಗೇ ಇದೇ ಮಣಿಕಟ್ಟು ಹಿಡ್ಕೊಂಡಿದ್ಲು. ಹತ್ತೊಂಬತ್ತು ಗಂಟೆ. ಒಂದು ವಾರ ನೀಲಿಯಾಗಿತ್ತು. ಹೆದರಿಕೆ ಆಗುತ್ತೆ ಅಂತ ಮೊದಲೇ ಹೇಳೋದಲ್ವೇನೋ ಪೆದ್ದಾ. ಬೆರಳು ಗಿರಳು ಅಂತ ಏನೇನೋ ಹೇಳ್ತಾ ಕೂತಿದ್ದೀಯ."

ಹೆದರಿದವರನ್ನು ಒಬ್ಬರನ್ನೇ ಬಿಟ್ಟು ಎದ್ದು ಬಂದದ್ದು ತನ್ನ ಐವತ್ತೆರಡು ವರ್ಷದಲ್ಲಿ ಇಲ್ಲ ಎಂದಳು. ಒಮ್ಮೆ ಪ್ರವಾಹದಲ್ಲಿ ದೋಣಿಯ ಮೇಲೆ, ಒಮ್ಮೆ ರೈಲಿನ ಡಬ್ಬಿಯಲ್ಲಿ, ಒಮ್ಮೆ ಬೀಗ ಹಾಕಿದ್ದ ಚರ್ಚಿನ ಗಂಟೆಗೋಪುರದಲ್ಲಿ ಹೆರಿಗೆ ಮಾಡಿಸಿದ್ದನ್ನು ಹೇಳಿದಳು. ಅವುಗಳಲ್ಲಿ ಒಂದನ್ನಂತೂ ನಾನು ನಂಬುವುದಿಲ್ಲ. ಹೇಳುತ್ತ ಹೇಳುತ್ತಲೇ ಗೋಡೆ ಹಿಡಿದು ಬೀರುವಿನ ಹತ್ತಿರ ಹೋಗಿ, ರಾತ್ರಿಯಂಗಿ ಕೆಳಗಿಳಿಸಿ, ಗಿಟ್ಟಾಳ ಕೈಗೆ ಕೊಟ್ಟಳು. ನಾಳೆ ಆಸ್ಪತ್ರೆಗೆ ಇವನೂ ಬರಬೇಕು, ಬಾಗಿಲ ಹತ್ತಿರವೇ ಕೂತಿರಬೇಕು, ನಾನು ಹೊರಗೆ ಬರೋವರೆಗೂ ಎಲ್ಲೂ ಅಲ್ಲಾಡಬಾರದು, ಇಲ್ಲದಿದ್ದರೆ ಇವನು ಹೆದರಿ ಸಾಯ್ತಾನೆ, ಎಂದು ಹೇಳಿ ಕೋಳಿ ಕೂಡಲು ಹೋದಳು. ಗಿಟ್ಟಾ ರಾತ್ರಿಯಂಗಿಯನ್ನು ಮುಖಕ್ಕೊತ್ತಿಕೊಂಡು ಅಲ್ಲೇ ಕೂತುಬಿಟ್ಟಳು.

ಗುರುವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕೈ ಹೊರಗೆ ಚಾಚಿದರೆ ವಾಪಸ್ಸು ಬರುವ ನಂಬಿಕೆಯಿರಲಿಲ್ಲ. ವೆಂಡೆಲ್ ತನ್ನ ಹಳೇ ಕಾರನ್ನು ಎತ್ತಿನ ಗಾಡಿಯ ಹಾಗೆ ನಡೆಸುತ್ತಿದ್ದ. ಅಜ್ಜಿ ಮುಂದೆ, ಮಡಿಲಲ್ಲಿ ಚೀಲ. ಗಿಟ್ಟಾ ಮತ್ತು ನಾನು ಹಿಂದೆ. ಅಂಬ್ರುಶ್‌ಗೆ ಟಪಾಲು, ಶಾರೋಲ್ತ್‌ಗೆ ಶಾಲೆ. ಅವರಿಬ್ಬರೂ ರಸ್ತೆಯ ತಿರುವಿನಲ್ಲಿ ನಿಂತು ಕೈಬೀಸಿದ್ದರು.

ಅರ್ಧ ದಾರಿಯವರೆಗೆ ಅಜ್ಜಿ ಕಿಟಕಿಯಾಚೆಯ ಬಿಳಿ ಮಂಜನ್ನೇ ನೋಡುತ್ತಿದ್ದಳು. ಆಮೇಲೆ, ಹವಾಮಾನ ವಿಚಾರಿಸುವ ದನಿಯಲ್ಲಿ ಕೇಳಿದಳು: "ಆ ಜೋಳ ಬಿಡಿಸೋ ಯಂತ್ರ ನಿಮ್ಮಪ್ಪ ಮಾರಿದ್ನಾ, ಇನ್ನೂ ಕೊಟ್ಟಿಗೇಲಿದೆಯಾ?"

ವೆಂಡೆಲ್ ಗೇರ್ ಬದಲಾಯಿಸಿದ. ಬದಲಾಯಿಸುವ ಅಗತ್ಯವಿರಲಿಲ್ಲ.

"ಮಾರಿದ," ಎಂದ.

"ಒಳ್ಳೇದಾಯ್ತು. ಅವತ್ತು ನಿನ್ನ ಕೈ ಕಟ್ಟೋಕೆ ನನ್ನ ಹೊಸ ತಲೆಬಟ್ಟೆ ಹರಿದಿದ್ದೆ. ಕಾಲು ಗಂಟೆ ಕೂಗಿದ್ದೆ ನೀನು." ಮಡಿಲ ಚೀಲವನ್ನು ಸರಿಮಾಡಿಕೊಂಡು ಹೇಳಿದಳು: "ಟೀವಿಯವರು ಬರೋ ಮುಂಚೆ ನಾಲ್ಕು ವರ್ಷ ನಮ್ಮನೆಗೆ ಹೊರಗಿನವರು ಯಾರೂ ಬಂದಿರಲಿಲ್ಲ ಕಣಪ್ಪ. ಬೆರಳು ಇರಲಿಲ್ಲ ಅಂದಿದ್ರೆ ಕಾಫಿ ಕುಡಿಯೋ ಮುಂಚೆ ಎದ್ದು ಹೋಗೋರು."

ನಾನು ಮಂಜನ್ನು ನೋಡಿದೆ.

ಆಸ್ಪತ್ರೆಯಲ್ಲಿ ಗಿಟ್ಟಾ ಸಹಿ ಹಾಕಲು ಹೋದಾಗ ಒಬ್ಬಳು ದಾದಿ ಬಂದು ಜೊತೆಗಿರುವವರು ಯಾರು, ಏನಾಗಬೇಕು ಎಂದು ವಿಚಾರಿಸಿದಳು. ಗಾಲಿಮಂಚದ ಮೇಲೆ ಮಲಗಿದ್ದ ಅಜ್ಜಿ ವೆಂಡೆಲ್‌ನತ್ತ ಬೆರಳು ಮಾಡಿ, ಇವನನ್ನ ನಾನು ಹೊರಗೆ ತೆಗೆದೋಳು, ಅಷ್ಟು ಸಾಕು ಬರ್ಕೋ, ಎಂದಳು. ಎರಡು ಬಾಗಿಲುಗಳು ತೆರೆದುಕೊಂಡು ಅವಳನ್ನು ಒಳಗೆ ಎಳೆದುಕೊಂಡವು. ಹೋಗುತ್ತ ಅವಳು ಹಿಂದಿರುಗಿ ನೋಡಲಿಲ್ಲ. ಆದರೆ ಹೊದಿಕೆಯ ಅಂಚನ್ನು ಹಿಡಿದಿದ್ದ ಅವಳ ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು.

ಐದು ನಿಮಿಷಕ್ಕೆ ದಾದಿ ಮತ್ತೆ ಬಂದಳು. ಕೈಯಲ್ಲಿ ಒಂದು ಗಾಜಿನ ಲೋಟ, ಅರ್ಧ ನೀರು, ನೀರಿನಲ್ಲಿ ಅಜ್ಜಿಯ ಹಲ್ಲಿನ ಸೆಟ್ಟು. ಒಳಗೆ ಇಡುವ ಹಾಗಿಲ್ಲ, ಕಳೆದರೆ ನಮ್ಮ ಮೇಲೆ ಬರುತ್ತದೆ, ನೀವೇ ಇಟ್ಟುಕೊಳ್ಳಿ, ಎಂದು ವೆಂಡೆಲ್‌ನ ಕೈಗೆ ಕೊಟ್ಟಳು. ಪಕ್ಕದ ಮೇಜಿನ ಮೇಲಿಡು ಅಂದೆ. ಅವನು ಇಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು, ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂತ.

ಒಂದು ಗಂಟೆಯ ಕೆಲಸ ಎಂದಿದ್ದರು. ಗೋಡೆ ಗಡಿಯಾರ ಒಂಬತ್ತೂವರೆ ತೋರಿಸಿತು, ಆಮೇಲೆ ಹತ್ತು. ಗಿಟ್ಟಾ ಜಪಸರ ಹಿಡಿದು ಒಂದೇ ಮಣಿಯ ಮೇಲೆ ಬೆರಳು ನಿಲ್ಲಿಸಿದ್ದಳು. ಹತ್ತೂಕಾಲಿಗೆ ಒಳಗಿನಿಂದ ಯಾರೋ ವೇಗವಾಗಿ ನಡೆದದ್ದು ಕೇಳಿಸಿತು, ಒಂದು ಬಾಗಿಲು ಬಡಿಯಿತು, ಮತ್ತೆ ಏನೂ ಇಲ್ಲ. ನಾನು ಕಾಫಿ ತರುತ್ತೇನೆ ಎಂದೆ. ಯಾರೂ ಬೇಕೆನ್ನಲಿಲ್ಲ, ನಾನೂ ಏಳಲಿಲ್ಲ.

ಓಣಿಯಲ್ಲಿ ಗಾಲಿಮಂಚಗಳು ಹಾದುಹೋದಾಗಲೆಲ್ಲ ನೆಲ ಸಣ್ಣಗೆ ಅದುರುತ್ತಿತ್ತು, ಲೋಟದ ನೀರು ಅಂಚಿನವರೆಗೆ ಅಲುಗುತ್ತಿತ್ತು. ಆಗ ವೆಂಡೆಲ್ ಒಂದು ಅಂಗೈಯನ್ನು ಅದರ ಬಾಯಿಗೆ ಅಡ್ಡ ಹಿಡಿಯುತ್ತಿದ್ದ, ಗಾಳಿಗೆ ದೀಪ ಆರದ ಹಾಗೆ. ಗಾಲಿಮಂಚ ದಾಟಿ ಹೋದ ಮೇಲೆ ನೀರು ನಿಂತಿದೆಯೇ ಎಂದು ಬಗ್ಗಿ ನೋಡಿ, ಮತ್ತೆ ಬಾಗಿಲ ಕಡೆ ತಿರುಗುತ್ತಿದ್ದ.